ಈರಕ್ಕನ ಮಗ್ಗುಲು

ಬುಡನ್ ಸಾಬ್ ಸೋಮವಾರ ಮತ್ತು ಗುರುವಾರ ಮಧ್ಯಾಹ್ನದ ಊಟವನ್ನು ಬೇಗ ಕೇಳತೊಡಗಿದ್ದೇ ಮನೆಯಲ್ಲಿ ಮೊದಲ ಜಗಳಕ್ಕೆ ಕಾರಣವಾಯಿತು.

ಬೇರೆ ದಿನಗಳಲ್ಲಿ ಅವನು ಊಟಕ್ಕೆ ಅವಸರ ಮಾಡಿದವನಲ್ಲ. ಸೊಸೆ ರೆಹಾನಾ ಹೊಲಿಗೆ ಮಿಷನ್ ನಿಲ್ಲಿಸಿ, ಮುದ್ದೆ ಕಟ್ಟಿ, ಎರಡು ಸಲ ಕೂಗಿದ ಮೇಲೆ ನಡುಮನೆಯ ಕುರ್ಚಿ ಬಿಟ್ಟು ಏಳುತ್ತಿದ್ದ. ತಿಂದು ಕೈ ತೊಳೆದು ಮತ್ತೆ ಅದೇ ಕುರ್ಚಿ. ಆ ಎರಡು ದಿನ ಮಾತ್ರ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇಸ್ತ್ರಿ ಮಾಡಿದ ಜುಬ್ಬ, ತಲೆಗೆ ಟೋಪಿ.

"ಇಷ್ಟು ಅವಸರ ಎಲ್ಲಿಗೆ ಮಾವ?"

"ಬೀರಪ್ಪ ಕಾಯ್ತಿರ್ತಾನೆ."

"ಬೀರಪ್ಪ ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ಲ. ಅದಕ್ಕೇ ಹೋಗೋದು."

ರೆಹಾನಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. ಸಾರು ಒಲೆಯ ಮೇಲೆ ಚೆಲ್ಲಿತು.

ಇದನ್ನು ಹಚ್ಚಿಕೊಟ್ಟವಳು ಅವಳ ಮಗಳು ಮಾಹೀರಾ. ಹೊಸದುರ್ಗದಲ್ಲಿ ಚಂದ್ರಕ್ಕ ಎಂಬ ನಿವೃತ್ತ ಶಿಕ್ಷಕಿ ಹತ್ತು ಹನ್ನೆರಡು ಜನರನ್ನು ಸೇರಿಸಿಕೊಂಡು ಒಂದು ಕೂಟ ನಡೆಸುತ್ತಿದ್ದರು. ಹಗಲೆಲ್ಲ ಒಬ್ಬರೇ ಇರುವ ವಯಸ್ಸಾದವರ ಮನೆಗೆ ವಾರಕ್ಕೆ ಎರಡು ಸಲ ಹೋಗಿ ಒಂದು ಗಂಟೆ ಕೂತು ಮಾತಾಡಿ ಬರುವುದು, ಅಷ್ಟೇ ಕೆಲಸ. ಕಾಲೇಜಿನಲ್ಲಿ ಅವರ ಮಾತು ಕೇಳಿ ಮಾಹೀರಾ ಹೆಸರು ಕೊಟ್ಟು ಬಂದಳು. ಗುರುತಿಲ್ಲದವರ ಮನೆಗೆ ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಅಪ್ಪ ಹಫೀಜ್ ಹೇಳಿದ್ದಕ್ಕೆ ತನ್ನ ದಾದಾ ಬುಡನ್ ಸಾಬನನ್ನು ಜೊತೆಗೆ ಕರೆದುಕೊಂಡು ಹೋದಳು. ಮೂರನೇ ವಾರಕ್ಕೆ ಅವಳಿಗೆ ಪರೀಕ್ಷೆ ಬಂತು. ದಾದಾ ಒಬ್ಬನೇ ಹೋದ. ಪರೀಕ್ಷೆ ಮುಗಿದ ಮೇಲೂ ಅವನೇ ಹೋದ.

ಚಂದ್ರಕ್ಕ ಮೊದಲ ದಿನವೇ ನಿಯಮ ಹೇಳಿದ್ದರು. "ಹೋಗಿ, ಕುಂತ್ಕಳ್ರಿ, ಮಾತಾಡ್ರಿ, ಬರ್ರಿ. ದುಡ್ಡು ಕೊಡೋದೂ ಬ್ಯಾಡ, ಇಸ್ಕಳೋದೂ ಬ್ಯಾಡ. ಅವರ ಮನೆ ಸಾಮಾನು ಮುಟ್ಟಬ್ಯಾಡ್ರಿ. ಏನೂ ಕೆಲಸ ಮಾಡಿಕೊಡಬ್ಯಾಡ್ರಿ."

"ಸುಮ್ಮನೆ ಕೂರೋದಾ ಮೇಡಂ?"

"ಸುಮ್ಮನೆ ಕೂರೋದೇ ಕಷ್ಟ ಸಾಬ್ರೇ. ನೋಡ್ತಿರಿ."

ಬುಡನ್ ಸಾಬನ ಕಸುಬು ಹತ್ತಿ ಹಿಂಜಿ ಹಾಸಿಗೆ ಮಾಡುವುದು. ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಊರೂರು ಅಲೆದವನು. ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ ಮಾಡಿದ, ಹಿಂಜುವ ಮಷಿನ್ ಹಾಕಿದ. ಈಗ ಅಂಗಡಿ ಹಫೀಜನ ಕೈಯಲ್ಲಿದೆ. ಅರ್ಧಕ್ಕಿಂತ ಹೆಚ್ಚು ಮಾಲು ಫೋಮ್ ಹಾಸಿಗೆ. ಹೆಂಡತಿ ಇಮಾಂಬಿ ತೀರಿಕೊಂಡು ಮೂರು ವರ್ಷ. ಅವಳಿದ್ದಾಗ ಮನೆಯ ಮಾತೆಲ್ಲ ಅವಳ ಮೂಲಕ ಬುಡನ್ ಸಾಬನಿಗೆ ತಲುಪುತ್ತಿತ್ತು. ಮಗನಿಗೆ ಕೋಪ ಬಂದಿದೆ, ಮೊಮ್ಮಗಳಿಗೆ ಜ್ವರ, ಸೊಸೆಯ ತವರಿನಿಂದ ಫೋನ್ ಬಂದಿತ್ತು ಎಂದೆಲ್ಲ ಅವಳು ಹೇಳುತ್ತಿದ್ದಳು, ಇವನು ಹೂಂಗುಟ್ಟುತ್ತಿದ್ದ. ಅವಳು ಹೋದ ಮೇಲೆ ಹೇಳುವವರಿಲ್ಲ, ಇವನಿಗೆ ಕೇಳುವ ಅಭ್ಯಾಸವಿಲ್ಲ.

ಮತ್ತೊಂದು ಗುರುವಾರ ರೆಹಾನಾ ತಡೆದು ನಿಲ್ಲಿಸಿದಳು.

"ಪಕ್ಕದ ಮನೆ ರಂಗಕ್ಕ ಕೇಳ್ತಾರೆ, ನಿಮ್ಮ ಮಾವನಿಗೆ ಮನೇಲಿ ಏನಾದ್ರೂ ತೊಂದ್ರೆನಾ ಅಂತ. ಏನು ಹೇಳಲಿ?"

"ಇಲ್ಲ ಅನ್ನು."

"ಇಲ್ಲ ಅಂದ್ರೆ, ಮತ್ತೆ ಯಾಕೆ ಕಂಡೋರ ಮನೇಲಿ ಹೋಗಿ ಕೂರ್ತಾರೆ ಅಂತಾರೆ. ಅಲ್ಲಿ ಗಂಟೆಗಟ್ಟಲೆ ಮಾತಾಡ್ತೀರಂತೆ. ಇಲ್ಲಿ ನಾನು ಕೇಳಿದ್ದಕ್ಕೆ ಹೂಂ, ಉಹೂಂ. ನಮ್ಮನೇಲಿ ಮಾತಾಡೋಕೆ ಜನ ಇಲ್ವಾ ಮಾವ?"

"ಇದೀರಲ್ಲ. ನೀನು ಯಾವಾಗ ನೋಡಿದ್ರೂ ಮಿಷನ್ ತುಳೀತಿರ್ತೀಯ."

ರೆಹಾನಾ ಅವನನ್ನೇ ನೋಡಿದಳು. "ಮಿಷನ್‌ಗೆ ಮೋಟಾರು ಹಾಕಿಸಿ ಎರಡು ವರ್ಷ ಆಯ್ತು. ತುಳಿಯೋದೆಲ್ಲಿಂದ ಬಂತು?"

ಬುಡನ್ ಸಾಬ್ ಮಿಷನ್ ಕಡೆ ತಿರುಗಿ ನೋಡಿದ. ಹೌದು, ಮೋಟಾರು ಇತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಬೀರಪ್ಪನ ಮನೆ ಊರಾಚೆಯ ಹೊಸ ಬಡಾವಣೆಯಲ್ಲಿ. ಬೀರಪ್ಪ ಮತ್ತೋಡಿನ ಕಡೆಯ ಕುರುಬ. ಆಯುಸ್ಸೆಲ್ಲ ಕುರಿ ಕಾಯ್ದವನು. ಹೋದ ವರ್ಷ ಹೆಂಡತಿ ಈರಕ್ಕ ಸತ್ತ ಮೇಲೆ ಮಗ ಶಿವರಾಜ್ ಕುರಿ ಮಾರಿಸಿ, ಅಪ್ಪನನ್ನು ತನ್ನ ಮನೆಗೆ ಕರೆತಂದಿದ್ದ. ಶಿವರಾಜ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನ ಹೆಂಡತಿ ಯಶೋದಾ ಅಂಗನವಾಡಿಗೆ ಹೋಗಿ ಬರುವಾಗ ಸಂಜೆಯಾಗುತ್ತಿತ್ತು. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಟ್ಟು ಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ಬೀರಪ್ಪ, ಟಿ.ವಿ. ಮತ್ತು ಗೋಡೆ.

ಮೊದಲ ಎರಡು ವಾರ ಬೀರಪ್ಪ ಬಾಯಿ ಬಿಟ್ಟಿರಲಿಲ್ಲ. ಮಾಹೀರಾ ಕೇಳಿದ ಯಾವ ಪ್ರಶ್ನೆಗೂ ಉತ್ತರವಿಲ್ಲ. ಮೂರನೇ ವಾರ ಬುಡನ್ ಸಾಬ್ ಒಬ್ಬನೇ ಹೋದಾಗ ಅವನು ನೆಲದ ಮೇಲೆ ಕರಿ ಕಂಬಳಿ ಹಾಸಿಕೊಂಡು ಕೂತಿದ್ದ. ಬುಡನ್ ಸಾಬ್ ಅಂಚಿನಲ್ಲಿ ಕೂತು ಸ್ವಲ್ಪ ಹೊತ್ತಿಗೆ ಮಗ್ಗುಲು ಬದಲಿಸಿದ.

"ಚುಚ್ಚುತೈತೆ."

"ಚುಚ್ಚಬೇಕು," ಎಂದ ಬೀರಪ್ಪ. ಅದು ಅವನ ಮೊದಲ ಮಾತು. "ಚುಚ್ಚಿದ್ರೇ ಎಚ್ಚರ ಇರೋದು. ನಿಮ್ಮ ಹತ್ತಿ ಹಾಸಿಗೆ ಮೇಲೆ ಮಲಗಿದ ಕುರುಬ ಬೆಳಿಗ್ಗೆ ಎದ್ದು ಎಣಿಸೋದು ಕುರಿ ಅಲ್ಲ, ತೋಳದ ಹೆಜ್ಜೆ."

"ನಾನು ಹತ್ತಿಯೋನು ಅಂತ ಹೆಂಗೆ ಗೊತ್ತಾಯ್ತು?"

"ನಿಮ್ಮನ್ನ ನೋಡಿದೀನಿ. ಹೆಗಲ ಮೇಲೆ ಬಿಲ್ಲು ಹಾಕ್ಕಂಡು ಹೋಗ್ತಿದ್ರಿ. ಮತ್ತೋಡಿನ ಕೆರೆ ಏರಿ ಮ್ಯಾಲೆ. ನಮ್ಮ ನಾಯಿ ಅಟ್ಟಿಸ್ಕಂಡು ಬಂದಿತ್ತು."

"ಆ ಕೆಂಚ ನಾಯಿ ನಿಮ್ದಾ?" ಬುಡನ್ ಸಾಬ್ ಪಂಚೆ ಎತ್ತಿ ಮೀನಖಂಡ ತೋರಿಸಿದ. "ನೋಡ್ರಿ. ಇನ್ನೂ ಗುರುತೈತೆ."

ಬೀರಪ್ಪ ಬಗ್ಗಿ ನೋಡಿದ. "ಪಾಪದ ನಾಯಿ ಅದು. ನೀವು ಓಡಿರಬೇಕು."

ಆಮೇಲೆ ಮಾತಿಗೆ ಬರವಿರಲಿಲ್ಲ. ಇಬ್ಬರೂ ಒಂದೇ ದಾರಿಗಳನ್ನು ತುಳಿದವರು. ಒಬ್ಬನು ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಕುರಿಮಂದೆ ತರುಬಲು, ಇನ್ನೊಬ್ಬನು ಮದುವೆ ಮನೆಗಳಿಗೆ ಹಾಸಿಗೆ ಹೊಲಿಯಲು. ಯಾವ ಊರಿನ ಬಾವಿ ನೀರು ಸಿಹಿ, ಯಾವ ಗೌಡ ಕೂಲಿ ಕೊಡದೆ ಅಲೆಸಿದ, ಹಾಲುರಾಮೇಶ್ವರದ ದಾರಿಯಲ್ಲಿ ಮಳೆ ಬಂದಾಗ ಯಾವ ಮಂಟಪದಲ್ಲಿ ನಿಲ್ಲಬೇಕು, ಎಲ್ಲ ಇಬ್ಬರಿಗೂ ಗೊತ್ತು. ಒಂದು ಗಂಟೆಯ ಭೇಟಿ ಎರಡಾಯಿತು. ಬರುವಾಗ ಬುಡನ್ ಸಾಬ್ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಕಟ್ಟಿಸಿಕೊಂಡು ಬರತೊಡಗಿದ. ಚಂದ್ರಕ್ಕನಿಗೆ ಅದನ್ನು ಹೇಳಲಿಲ್ಲ.

ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತ ಕಂಬಳಿಯ ಸಡಿಲ ಎಳೆ ಒಳಗೆ ಸೇರಿಸುವುದು, ದಿಂಬು ತಟ್ಟಿ ಸರಿಮಾಡುವುದು. ಒಳಗಿನ ಕೋಣೆಯ ಬಾಗಿಲು ತೆರೆದಿದ್ದರೆ ಅವನ ಕಣ್ಣು ಅಲ್ಲಿನ ಕಬ್ಬಿಣದ ಮಂಚಕ್ಕೇ ಹೋಗುತ್ತಿತ್ತು. ಮಂಚದ ಮೇಲೆ ಹಳೆಯ ಹತ್ತಿ ಹಾಸಿಗೆ. ಪಟ್ಟೆ ಬಟ್ಟೆ ಮಾಸಿತ್ತು. ಗೋಡೆಯ ಕಡೆಗೆ ಆಳುದ್ದ ಒಂದು ತಗ್ಗು. ಇನ್ನೊಂದು ಕಡೆ ಹತ್ತಿ ಗಂಟುಗಟ್ಟಿ ಉಬ್ಬಿತ್ತು. ಅಂಥ ಹಾಸಿಗೆ ಮನೆಗೆ ಬಂದರೆ ಹಿಂದೆಲ್ಲ ಅವನು ಬೈದೇ ಕೆಲಸ ಶುರುಮಾಡುತ್ತಿದ್ದದ್ದು.

"ನೀವು ಮಂಚದ ಮ್ಯಾಲೆ ಮಲಗಲ್ವಾ ಬೀರಪ್ಪಾರೇ?"

"ಇಲ್ಲ. ನೆಲಾನೇ."

ಒಂದು ಸಂಜೆ ಯಶೋದಾ ಬೇಗ ಬಂದಾಗ ಅವಳನ್ನೂ ಕೇಳಿದ. ಅವಳು ನಕ್ಕಳು. "ಅದನ್ನ ಮಡಚಕ್ಕೂ ಬಿಡಲಿಲ್ಲ ನೋಡ್ರಿ ನಮ್ಮ ಮಾವ. ಊರಿಂದ ತರುವಾಗ ಟೆಂಪೋದಾಗೆ ಮಂಚದ ಸಮೇತ ಹಂಗೇ ಎತ್ತಿಟ್ಟು ತಂದಿದ್ದು. ಅದರ ಮ್ಯಾಲೆ ಮಲಗೋದೂ ಇಲ್ಲ, ಒಣಗ್ಸಕ್ಕೂ ಕೊಡಲ್ಲ. ಧೂಳು ಅಂದ್ರೆ ಧೂಳು."

ಬುಡನ್ ಸಾಬನಿಗೆ ಅರ್ಥವಾಯಿತು. ಬಟ್ಟೆ ಸವೆದಿದೆ, ಮಡಚಿದರೆ ಹರಿಯುತ್ತದೆ. ಹತ್ತಿ ಕಲ್ಲಾಗಿದೆ, ಮಲಗಿದರೆ ಬೆನ್ನು ನೋಯುತ್ತದೆ. ಅದಕ್ಕೇ ಮುದುಕ ನೆಲದ ಮೇಲೆ ಮಲಗುತ್ತಾನೆ. ಹಾಸಿಗೆಯವನಿಗೆ ಇದರಲ್ಲಿ ಕೇಳುವುದೇನೂ ಇರಲಿಲ್ಲ.

ಸಂಕ್ರಾಂತಿ ಕಳೆದು ಬೀರಪ್ಪ ಹರಿಯಬ್ಬೆಯಲ್ಲಿದ್ದ ಮಗಳ ಮನೆಗೆ ಹೋಗುವುದೆಂದಾಯಿತು. ಮರಿಮೊಮ್ಮಗನ ನಾಮಕರಣ. ನಾಲ್ಕು ದಿನ ಇರುವುದಿಲ್ಲ. ಅವನು ಹೋದ ದಿನವೇ ಬುಡನ್ ಸಾಬ್ ಯಶೋದಾಳ ಹತ್ತಿರ ಹೋಗಿ ಹಾಸಿಗೆ ಕೇಳಿದ.

"ಹೊಸದು ಮಾಡಿ ತಂದಿಡ್ತೀನಿ ತಾಯಿ. ಕಾಸು ಬ್ಯಾಡ. ಬಂದು ನೋಡಿ ಖುಷಿಪಡಲಿ."

"ತಗಂಡು ಹೋಗ್ರಿ ಸಾಬ್ರೇ, ಪುಣ್ಯ ಬರ್ತೈತೆ," ಎಂದಳು ಯಶೋದಾ. ತಾನೇ ಒಂದು ಕಡೆ ಹಿಡಿದು ಆಟೋಗೆ ಏರಿಸಿದಳು.

ರಾತ್ರಿ ಊಟಕ್ಕೆ ಬಂದ ಹಫೀಜ್ ಹಾಸಿಗೆ ನೋಡಿ ಹಣೆ ಚಚ್ಚಿಕೊಂಡ.

"ಅಬ್ಬಾಜಾನ್, ಮದುವೆ ಆರ್ಡರೇ ಅಂಗಡಿ ತುಂಬ ಬಿದ್ದವೆ. ಮಷಿನ್ ಬಿಡುವಿಲ್ಲ. ಇನ್ನೊಂದು ವಾರ ಬಿಟ್ಟು ನೋಡಾಣ."

"ವಾರ ಆಗಲ್ಲ. ಭಾನುವಾರ ಬರ್ತಾನೆ."

"ಅಂಗಡೀಲಿ ಬಂದು ಕೂತ್ಕಳ್ರಿ ಅಂದ್ರೆ ಬರಲ್ಲ. ಕಂಡೋರ ಮನೆ ಹಾಸಿಗೆ ಪುಕ್ಕಟೆ ಹಿಂಜಕ್ಕೆ ಎದೆಯುಬ್ಬಿಸ್ಕಂಡು ಬರ್ತೀರಿ."

"ಅಂಗಡೀಲಿ ನಾನು ಕೂತ್ರೆ ನಿನಗೆ ಆಗಲ್ಲವಲ್ಲೋ."

"ಹೆಂಗಾಗುತ್ತೆ? ಗಿರಾಕಿ ಫೋಮ್ ಹಾಸಿಗೆ ಮುಟ್ಟಿ ನೋಡ್ತಿದ್ರೆ, 'ಇದರಾಗೆ ಏನೈತೆ, ಬರೇ ಗಾಳಿ' ಅಂತೀರಿ. ಅವತ್ತು ಹೊಳಲ್ಕೆರೆಯೋರು ಎದ್ದು ಹೋದ್ರು."

"ಗಾಳಿನೇ ಅಲ್ವೇನು ಮತ್ತೆ?"

ಮಾಹೀರಾ ಕಿಸಕ್ಕನೆ ನಕ್ಕಳು. ಹಫೀಜ್ ಊಟದ ತಟ್ಟೆ ಸರಿಸಿ ಎದ್ದ.

ಮರುದಿನ ಬೆಳಿಗ್ಗೆ ಬುಡನ್ ಸಾಬ್ ಗೋಡೆಯ ಮೇಲಿನ ಬಿಲ್ಲನ್ನು ಇಳಿಸಿದ. ಅದರ ನರದ ಹೆದೆ ಒಣಗಿ ಸಡಿಲವಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಬಿಗಿದ. ಹಿತ್ತಲಲ್ಲಿ ಹಾಸಿಗೆ ಬಿಚ್ಚಿದ. ಕೋಲು ತೆಗೆದುಕೊಂಡು ಹತ್ತಿ ಬಡಿದಾಗ ಎದ್ದ ಧೂಳು ರಂಗಕ್ಕನ ಮನೆಯವರೆಗೆ ಹೋಯಿತು. ಆಮೇಲೆ ಕೂತು ಬಿಲ್ಲು ಮೀಟಿದ. ಟೊಂಯ್, ಟೊಂಯ್ ಎಂದು ಶುರುವಾದದ್ದು ಕೇಳಿ ರೆಹಾನಾ ಮಿಷನ್ ನಿಲ್ಲಿಸಿ ಬಂದಳು. ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದ ಸದ್ದು ಅದು.

ಸ್ವಲ್ಪ ಹೊತ್ತು ನಿಂತು ನೋಡಿದಳು. "ಆ ಕಡೆ ಹರಡಿ ಕೊಡಲಾ?"

"ಕೊಡು."

ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಕೂತಳು. ಗಂಟು ಹತ್ತಿಯನ್ನು ಬೆರಳಲ್ಲಿ ಬಿಡಿಸಿ ಅವನ ಮುಂದೆ ಹಾಕುತ್ತಿದ್ದಳು. ಹಿಂಜಿದ ಹತ್ತಿ ಇನ್ನೊಂದು ಕಡೆ ಮೊಳದೆತ್ತರ ಎದ್ದಿತು. ನಡುವೆ ಅವನು ಹತ್ತಿಯಲ್ಲಿ ಏನೇನು ಸಿಗುತ್ತದೆಂದು ಹೇಳಿದ: ಅಡಿಕೆ ಹೋಳು, ಓಲೆಯ ತಿರುಪು, ಮಕ್ಕಳ ಹಲ್ಲು.

"ಹಲ್ಲಾ?"

"ದಿಂಬಿನ ಕೆಳಗೆ ಇಟ್ಟಿರ್ತಾವೆ. ಹೆಂಗೋ ಒಳಕ್ಕೆ ಸೇರ್ತಾವೆ."

ಈ ಹಾಸಿಗೆಯಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ಒಂದು ತಲೆಪಿನ್ನು. ಹಾಸಿಗೆ ಚುಚ್ಚೀತೆಂದು ಅದನ್ನು ಕಸದ ಗುಡ್ಡೆಗೆ ಎಸೆದ.

ರೆಹಾನಾ ತನ್ನ ಹತ್ತಿರವಿದ್ದ ಹೊಸ ಪಟ್ಟೆ ಬಟ್ಟೆಯಲ್ಲಿ ಹಾಸಿಗೆ ಚೀಲ ಹೊಲಿದಳು. ಹತ್ತಿ ತುಂಬಿ, ಬುಡನ್ ಸಾಬ್ ದಬ್ಬಣದಿಂದ ಅಂಚು ಕಟ್ಟಿದ. ದಾರ ಸಡಿಲಾದಲ್ಲಿ ರೆಹಾನಾ ಎಳೆದು ಬಿಗಿದಳು. ಮಾಹೀರಾ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಮುಗಿದ ಸಂಜೆ ಹಫೀಜ್ ಬಂದು ಅಂಗೈಯಿಂದ ಒತ್ತಿ ನೋಡಿದ. ಎಲ್ಲಿ ಒತ್ತಿದರೂ ಒಂದೇ ಸಮ.

"ಮಷಿನ್ನಲ್ಲಿ ಹಿಂಗೆ ಬರಲ್ಲ ಬಿಡ್ರಿ," ಎಂದ. ಆ ಸಂಜೆ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಭಾನುವಾರ ಬೆಳಿಗ್ಗೆ ಹಾಸಿಗೆ ಬೀರಪ್ಪನ ಮಂಚ ಸೇರಿತು.

ಸೋಮವಾರ ಬುಡನ್ ಸಾಬ್ ಹನ್ನೆರಡು ಗಂಟೆಗೇ ಊಟ ಕೇಳಿದ. ರೆಹಾನಾ ತಟ್ಟೆ ಇಟ್ಟು ಬಡಿಸಿದಳು. "ಏನಂದ್ರು ಅಂತ ಬಂದು ಹೇಳ್ರಿ," ಎಂದಳು.

ಬಾಗಿಲು ತೆರೆದೇ ಇತ್ತು. ಹಿಂದಿನ ರಾತ್ರಿ ತಡವಾಗಿ ಬಂದ ಬೀರಪ್ಪ ನಡುಮನೆಯಲ್ಲೇ ಮಲಗಿದ್ದ. ಯಶೋದಾ ಹಾಸಿಗೆಯ ಮೇಲೆ ಹೊದಿಕೆ ಹೊದಿಸಿಟ್ಟಿದ್ದಳು, ಸಾಬರೇ ತೋರಿಸಲಿ ಎಂದು. ಬುಡನ್ ಸಾಬ್ ಬೀರಪ್ಪನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಹೊದಿಕೆ ಎಳೆದ.

"ಈಗ ಮಲಗಿ ನೋಡ್ರಿ."

ಬೀರಪ್ಪ ನಿಂತೇ ಇದ್ದ. ಆಮೇಲೆ ಮಂಚದ ಹತ್ತಿರ ಹೋಗಿ ಗೋಡೆಯ ಕಡೆಗೆ ಕೈ ಚಾಚಿದ. ಅಂಗೈ ಊರಿ ತಲೆಯ ಕಡೆಯಿಂದ ಕಾಲಿನ ಕಡೆಗೆ ಸವರಿಕೊಂಡು ಬಂದ. ಮತ್ತೆ ಕಾಲಿನ ಕಡೆಯಿಂದ ತಲೆಯ ಕಡೆಗೆ ಹೋದ.

"ಇಲ್ಲೊಂದು ತಗ್ಗಿತ್ತು."

"ಇತ್ತಲ್ರಿ, ದೊಡ್ಡ ತಗ್ಗು! ಹತ್ತಿ ಸತ್ತು ಹೋಗಿತ್ತು. ಎಲ್ಲಾ ಬಿಡಿಸಿ ಹಿಂಜಿದೀನಿ."

"ಎಲ್ಲಾನೂ?"

"ಒಂದು ಹಿಡಿ ಬಿಟ್ಟಿಲ್ಲ."

ಬೀರಪ್ಪ ಕೈ ತೆಗೆಯಲಿಲ್ಲ. "ಅಲ್ಲಿ ಈರಕ್ಕ ಮಲಗ್ತಿದ್ಲು."

ಬುಡನ್ ಸಾಬ್ ಹೊದಿಕೆಯನ್ನು ಕೈಯಲ್ಲಿ ಹಿಡಿದು ನಿಂತ.

"ನಾನು ಕುರಿ ಹಿಂದೆ ಹೋದೋನು. ವರ್ಷದಾಗೆ ಎರಡು ತಿಂಗಳು ಮನೇಲಿದ್ರೆ ಹೆಚ್ಚು. ಬಂದ್ರೂ ನೆಲದ ಮ್ಯಾಲೇ ಮಲಗ್ತಿದ್ದೆ. ಮ್ಯಾಕೆ ಬಾ, ಈ ಕಡೆ ಜಾಗ ಬಿಟ್ಟಿದೀನಿ ಅನ್ನೋಳು. ಗೋಡೆ ಕಡೆ ಸರಕಂಡು ಮಲಗೋಳು, ಒಬ್ಬಳೇ ಇದ್ರೂ. ನಾನು ಹತ್ತಲಿಲ್ಲ." ಬೀರಪ್ಪ ಈಗ ಬುಡನ್ ಸಾಬನ ಕಡೆ ತಿರುಗಿದ. "ರಾತ್ರಿ ಎದ್ದು ಕುಂತು ಕೈ ಚಾಚಿದ್ರೆ ಆ ತಗ್ಗು ಸಿಗ್ತಿತ್ತು."

"ನನಗೆ ಗೊತ್ತಿರಲಿಲ್ಲ ಬೀರಪ್ಪಾರೇ."

"ಕೇಳಲಿಲ್ಲ ನೀವು."

"ಇಲ್ಲ."

"ಅದರಾಗೆ ಏನೂ ಸಿಗಲಿಲ್ವಾ?"

ಬುಡನ್ ಸಾಬ್ ಸುಳ್ಳು ಹೇಳಬಹುದಿತ್ತು. "ಒಂದು ತಲೆಪಿನ್ನಿತ್ತು. ಕಸಕ್ಕೆ ಹಾಕಿಬಿಟ್ಟೆ."

ಬೀರಪ್ಪ ಹಾಸಿಗೆಯಿಂದ ಕೈ ತೆಗೆದ. "ಹೋಗ್ರಿ," ಎಂದ. "ಇನ್ನು ಬರಬ್ಯಾಡ್ರಿ."

ಮನೆಗೆ ಬಂದು ಅವನು ನೇರ ಹಿತ್ತಲಿಗೆ ಹೋದದ್ದನ್ನು ರೆಹಾನಾ ನೋಡಿದಳು. ಹೋಗಿ ನೋಡಿದರೆ ಮಾವ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದ.

"ಏನು ಹುಡುಕ್ತಿದೀರಿ?"

"ಪಿನ್ನು."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಪೊರಕೆ ತಂದು ಮೂಲೆಮೂಲೆ ಗುಡಿಸಿದಳು. ಕಸವನ್ನು ಶನಿವಾರವೇ ಪುರಸಭೆಯ ಗಾಡಿಗೆ ಹಾಕಿದ್ದು ತಾನೇ ಎಂದು ಆಮೇಲೆ ನೆನಪಾಯಿತು. ಅದನ್ನು ಹೇಳಿದಾಗ ಬುಡನ್ ಸಾಬ್ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಅವತ್ತು ಸಂಜೆ ಅವನು ಊಟ ಮಾಡಲಿಲ್ಲ. ಏನಾಯಿತೆಂದು ಹೇಳಲೂ ಇಲ್ಲ.

ಹೇಳಿದವರು ಚಂದ್ರಕ್ಕ. ಎರಡು ದಿನ ಬಿಟ್ಟು ಮನೆಗೇ ಬಂದರು. ರೆಹಾನಾ ಟೀ ಕೊಟ್ಟಳು. ಚಂದ್ರಕ್ಕ ಲೋಟ ಕೆಳಗಿಟ್ಟು ಮಾತಾಡಿದರು.

"ಶಿವರಾಜ್ ಫೋನ್ ಮಾಡಿದ್ರು. ಹೆಂಡ್ತಿ ಮಲಗ್ತಿದ್ದ ಗುರುತೇ ಹೋಯ್ತು ಅಂತ ಅವರಪ್ಪ ಎರಡು ದಿನದಿಂದ ಹಾಸಿಗೆ ಇರೋ ಕೋಣೆಗೇ ಹೋಗಿಲ್ವಂತೆ. ಸಾಮಾನು ಮುಟ್ಟಬ್ಯಾಡ್ರಿ ಅಂತ ನಾನು ಹೇಳಿರಲಿಲ್ವಾ ಸಾಬ್ರೇ?"

"ಹೇಳಿದ್ರಿ."

"ನಿಮ್ಮ ಮನಸು ಒಳ್ಳೇದು. ಅದು ನನಗೆ ಗೊತ್ತು. ಹೊಳಲ್ಕೆರೆ ರಸ್ತೇಲಿ ಗೊಲ್ಲಪ್ಪ ಅಂತ ಒಬ್ಬರು ಅದಾರೆ, ಕಣ್ಣು ಕಾಣಲ್ಲ. ಅವರ ಹತ್ರ ಹೋಗ್ರಿ."

"ಗೊಲ್ಲಪ್ಪನೋರಿಗೆ ಬೇರೆಯೋರು ಸಿಗ್ತಾರೆ."

"ಬೀರಪ್ಪನೋರೇ ಬ್ಯಾಡ ಅಂದ ಮೇಲೆ ಅಲ್ಲಿಗೆ ನಾನು ಕಳಿಸೋ ಹಂಗಿಲ್ಲ."

"ಅವರ ಮನೆಗೆ ಹೋಗಲ್ಲ ಮೇಡಂ. ಎದುರಿಗೆ ಹೊಂಗೆಮರ ಐತೆ. ಬೀದೀಲಿ ಕೂರಬೌದಲ್ಲ?"

ಚಂದ್ರಕ್ಕ ಲೋಟ ಎತ್ತಿ ಟೀ ಕುಡಿದರು.

ಅವರು ಹೋದ ಮೇಲೆ ಹಫೀಜ್ ಸಿಡಿದ. "ಸಾಕು ಅಬ್ಬಾ. ಬ್ಯಾಡ ಅಂದೋರ ಮನೆ ಮುಂದೆ ಹೋಗಿ ಕೂರೋದು ಅಂದ್ರೇನು? ನಮ್ಮ ಮರ್ಯಾದೆ ಅನ್ನೋದೂ ಒಂದು ಐತೆ."

"ಅವರದ್ದನ್ನ ನಾನು ಹಾಳು ಮಾಡಿದೀನಿ ಹಫೀಜ್."

"ಹತ್ತಿ ಹಾಳಾಗಿಲ್ವಲ್ಲ! ಚೆನ್ನಾಗೇ ಆಗೈತಲ್ಲ!"

"ಅದೇ."

ಹಫೀಜ್ ತಲೆ ಕೊಡವಿ ಹೊರಗೆ ಹೋದ. ಗುರುವಾರ ಬುಡನ್ ಸಾಬ್ ಹೊಂಗೆಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಕೂತ. ಎದುರು ಮನೆಯ ಬಾಗಿಲು ಮುಚ್ಚಿತ್ತು. ಸೋಮವಾರವೂ ಹಾಗೇ. ಕಿಟಕಿಯ ಪರದೆ ಒಮ್ಮೆ ಸರಿದಂತಾಯಿತು, ಮತ್ತೆ ಸರಿಹೋಯಿತು. ಮಾತಿಲ್ಲ, ಮಂಡಕ್ಕಿಯಿಲ್ಲ, ಮಾಡಲು ಏನೂ ಇಲ್ಲ. ದೂರದ ಗುಡ್ಡದ ಸಾಲಿನ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ನೋಡುತ್ತ ಕೂತು, ಹೊತ್ತಾದ ಮೇಲೆ ಎದ್ದು ಬರುತ್ತಿದ್ದ. ಸುಮ್ಮನೆ ಕೂರುವುದು ಕಷ್ಟ ಎಂದು ಚಂದ್ರಕ್ಕ ಹೇಳಿದ್ದು ಸರಿಯಾಗಿತ್ತು.

ಮೂರು ವಾರ ಹೀಗೇ ಹೋಯಿತು. ಮನೆಯಲ್ಲಿ ಯಾರೂ ಈಗ ಜಗಳ ತೆಗೆಯುತ್ತಿರಲಿಲ್ಲ. ರೆಹಾನಾ ಕೇಳುವ ಮೊದಲೇ ಬೇಗ ಬಡಿಸುತ್ತಿದ್ದಳು. ಅವನು ತಿನ್ನುವುದು ಕಡಿಮೆಯಾಗಿತ್ತು.

ಒಂದು ಬುಧವಾರ ಮಧ್ಯಾಹ್ನ, ಮನೆಯಲ್ಲಿ ಅವರಿಬ್ಬರೇ ಇದ್ದಾಗ, ಅವಳು ಹಿತ್ತಲ ಬಿಸಿಲಿಗೆ ಹಾಸಿಗೆಗಳನ್ನು ಹಾಕುತ್ತಿದ್ದಳು. ಬುಡನ್ ಸಾಬನ ಹಾಸಿಗೆಯನ್ನೂ ಎತ್ತಿ ತಂದು ಹರಡಿದಳು. ಅವನು ಕುರ್ಚಿಯಿಂದ ಎದ್ದು ಬಂದು ಅದರ ಮೇಲೆ ಕೈಯಾಡಿಸಿದ. ಅದು ಅವನೇ ಮಾಡಿದ ಹಾಸಿಗೆ. ಪ್ರತಿ ಬೇಸಿಗೆಯಲ್ಲಿ ಬಿಚ್ಚಿ ಹಿಂಜಿ ಹೊಸದು ಮಾಡುತ್ತಿದ್ದ. ಹಾಸಿಗೆಯವನ ಮನೆಯಲ್ಲೇ ಗಂಟು ಹಾಸಿಗೆ ಇದ್ದರೆ ಜನ ನಗುತ್ತಾರೆ. ಇಮಾಂಬಿ ತೀರಿಕೊಂಡ ವರ್ಷವೂ ಹಾಗೇ ಮಾಡಿದ್ದ. ಅಂಗೈ ಈ ತುದಿಯಿಂದ ಆ ತುದಿಗೆ ಎಲ್ಲೂ ತಡೆಯದೆ ಹೋಯಿತು.

"ರೆಹಾನಾ."

ಅವನು ಹೆಸರು ಹಿಡಿದು ಕರೆದದ್ದಕ್ಕೆ ಅವಳು ತಿರುಗಿದಳು.

"ನಿಮ್ಮತ್ತೆ ಯಾವ ಕಡೆ ಮಲಗ್ತಿದ್ಲು? ನನಗೆ ನೆನಪಾಗ್ತಿಲ್ಲ."

ರೆಹಾನಾ ಹಾಸಿಗೆ ಬಡಿಯುವ ಕೋಲನ್ನು ಗೋಡೆಗೆ ಒರಗಿಸಿದಳು. "ಬಾಗಿಲ ಕಡೆ."

"ನಿನಗೆ ಹೆಂಗೆ ಗೊತ್ತು?"

"ದಿನಾ ಬೆಳಿಗ್ಗೆ ಟೀ ತರ್ತಿದ್ದೆನಲ್ಲ ಮಾವ. ಬಾಗಿಲ ಕಡೆ ಮಲಗೋರು, ಬಲಗೈ ಕೆನ್ನೆ ಕೆಳಗೆ. ನಿಮಗೆ ಎಚ್ಚರ ಆಗಬಾರದು ಅಂತ ಬಳೆ ಹಿಡ್ಕಂಡು ಏಳೋರು."

"ಬಳೆ?"

"ಹೂಂ. ಸದ್ದು ಆಗಬಾರದು ಅಂತ ಹಿಂಗೆ." ಅವಳು ಎಡಗೈಯಿಂದ ಬಲಗೈಯ ಬಳೆಗಳನ್ನು ಒತ್ತಿ ಹಿಡಿದು ತೋರಿಸಿದಳು.

ಬುಡನ್ ಸಾಬ್ ಹಿತ್ತಲ ಮೆಟ್ಟಿಲ ಮೇಲೆ ಕೂತ. "ಇನ್ನೇನು ಮಾಡ್ತಿದ್ಲು?"

"ಎಷ್ಟೊಂದೈತೆ. ನೀವು ಯಾವತ್ತೂ ಕೇಳಲಿಲ್ಲ." ರೆಹಾನಾ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಮೆಟ್ಟಿಲು ಕೆಳಗೆ ಕೂತಳು. "ನಿಮಗೆ ಗೊತ್ತಾ, ನಿಮ್ಮ ಬಿಲ್ಲಿನ ಸದ್ದು ನಿಂತ ವರ್ಷ ಅವರಿಗೆ ನಿದ್ದೇನೇ ಬರ್ತಿರಲಿಲ್ಲ. ನನ್ನ ಮಿಷನ್ ಪಕ್ಕ ಬಂದು ಮಲಗೋರು, ಮಧ್ಯಾಹ್ನ. ಹೊಲಿ, ನಿಲ್ಲಿಸಬ್ಯಾಡ ಅನ್ನೋರು."

ಅವತ್ತು ಸಂಜೆಯ ಸಾರಿಗೆ ಕಾಳು ನೆನೆಹಾಕುವುದು ರೆಹಾನಾಗೆ ಮರೆತೇಹೋಯಿತು. ಹಫೀಜ್ ಬಂದಾಗ ಇಬ್ಬರೂ ಇನ್ನೂ ಮೆಟ್ಟಿಲ ಮೇಲೇ ಇದ್ದರು. ಅಂಗಡಿಯಿಂದ ಬಂದವನು ಬಾಗಿಲಲ್ಲಿ ನಿಂತು ನೋಡಿದ. "ಊಟ ಐತಾ, ಹೋಟ್ಲಿಗೆ ಹೋಗಾಣ್ವಾ?" ಎಂದು ಕೇಳಿದ.

ಮರುದಿನ ಗುರುವಾರ. ಬುಡನ್ ಸಾಬ್ ಹೊರಡುವಾಗ ರೆಹಾನಾ ಬಾಗಿಲವರೆಗೆ ಬಂದಳು.

"ಇವತ್ತೂ ಬಾಗಿಲು ತೆಗೀದಿದ್ರೆ?"

"ತೆಗೀದಿದ್ರೆ ಬರ್ತೀನಿ. ನಿಮ್ಮತ್ತೆ ವಿಷಯ ಇನ್ನೂ ಹೇಳೋದೈತೆ ಅಂದಿದ್ದೆಯಲ್ಲ ನೀನು."

ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಅವನು ಹೊಂಗೆಮರದ ಕೆಳಗೆ ಕೂತು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಶಾಲೆ ಬಿಟ್ಟ ಮಕ್ಕಳು ಹಾದುಹೋದರು. ನೀರಿನ ಟ್ಯಾಂಕರ್ ಬಂದು ಹೋಯಿತು. ಆಮೇಲೆ ಎದುರು ಮನೆಯ ಚಿಲಕದ ಸದ್ದಾಯಿತು.

ಬೀರಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಗೆ ಬಂದ. ರಸ್ತೆಯ ಎರಡೂ ಕಡೆ ನೋಡಿ ನಿಧಾನ ದಾಟಿದ. ಬುಡನ್ ಸಾಬ್ ಏಳಲು ಹೋದವನು ಹಾಗೇ ಕೂತ. ಬೀರಪ್ಪ ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕೂತು ಗುಡ್ಡದ ಕಡೆ ನೋಡಿದ.

"ಆ ಕೊನೇ ಫ್ಯಾನು ನಿಂತೈತೆ."

"ಸೋಮವಾರದಿಂದ ನಿಂತೈತೆ," ಎಂದ ಬುಡನ್ ಸಾಬ್.

"ನಾನೂ ನೋಡ್ತಿದೀನಿ. ಕಿಟಕೀಲಿ ಕಾಣ್ತೈತೆ."

ಬುಡನ್ ಸಾಬ್ ಆ ನಿಂತ ಫ್ಯಾನನ್ನೇ ನೋಡಿದ.

"ಮನೆ ಒಳಕ್ಕೆ ಬರಬ್ಯಾಡ್ರಿ," ಎಂದ ಬೀರಪ್ಪ.

"ಬರಲ್ಲ."

"ಅದನ್ನ ಇನ್ನೂ ನೋಡಕ್ಕಾಗಲ್ಲ ನನಗೆ."

"ಹೂಂ."

ಗಾಳಿ ಜೋರಾಯಿತು. ಬುಡನ್ ಸಾಬನ ತೆಳು ಜುಬ್ಬ ಪಟಪಟ ಹೊಡೆದುಕೊಂಡಿತು. ಬೀರಪ್ಪ ಅತ್ತ ತಿರುಗದೆ ಕಂಬಳಿಯನ್ನು ಹೆಗಲಿಂದ ತೆಗೆದು ಬಿಚ್ಚಿ, ಅರ್ಧ ತಾನು ಹೊದ್ದು, ಇನ್ನರ್ಧವನ್ನು ಚಪ್ಪಡಿಯ ಮೇಲೆ ಅವನ ಕಡೆಗೆ ತಳ್ಳಿದ. ಬುಡನ್ ಸಾಬ್ ಅದನ್ನು ಎಳೆದು ಹೆಗಲಿಗೆ ಹಾಕಿಕೊಂಡ. ಅಂಚಿನಲ್ಲಿ ಒಂದು ಎಳೆ ಸಡಿಲವಾಗಿ ಜೋತಾಡುತ್ತಿತ್ತು. ಬೆರಳು ಅದರ ಹತ್ತಿರ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು.

"ಚುಚ್ಚುತೈತೆ," ಎಂದ, ಬಹಳ ಹೊತ್ತಿನ ಮೇಲೆ.

"ಚುಚ್ಚಲಿ," ಎಂದ ಬೀರಪ್ಪ.